ಒಂದೇ ಲೆನ್ಸ್‌ನಲ್ಲಿ ಎಲ್ಲವೂ ಆಗಬೇಕು, ಯಾವುದನ್ನು ಕೊಳ್ಳಲಿ?

ಪ್ರಶ್ನೆ, ಅರಸೀಕೆರೆಯಿಂದ

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು. ನನ್ನ ಬಳಿ ಕ್ಯಾನನ್ 200ಡಿ ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18-55 ಲೆನ್ಸ್ (ಅಂಕಿಗಳು ಮಿಲಿಮೀಟರಿನಲ್ಲಿ; ಚಿಕ್ಕದಾದಷ್ಟು ನೋಟ ಅಗಲ, ದೊಡ್ಡದಾದಷ್ಟು ದೂರದ್ದು ಹತ್ತಿರ) ಇವೆ. ರಜೆ ಸಿಕ್ಕಾಗಲೆಲ್ಲ ಹಾರನಹಳ್ಳಿ, ಬೆಳವಾಡಿ, ದೊಡ್ಡಗದ್ದವಳ್ಳಿ, ಬೇಲೂರು ಎಂದು ಬೈಕಿನಲ್ಲಿ ಸುತ್ತಿ, ದೇವಾಲಯಗಳ ಚಿತ್ರ ತೆಗೆದು ತಂದು ತರಗತಿಯಲ್ಲಿ ತೋರಿಸುತ್ತೇನೆ. ಎತ್ತರದಲ್ಲಿರುವ ಶಿಲ್ಪಗಳು 55ಕ್ಕೆ ಎಟುಕುವುದಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೂ ಮನೆಯ ಶುಭಕಾರ್ಯಗಳಿಗೂ ಇದೇ ಕ್ಯಾಮೆರಾ. ಮೂರು ನಾಲ್ಕು ಲೆನ್ಸ್ ಹೊತ್ತು ತಿರುಗುವುದು ನನ್ನಿಂದ ಆಗದ ಮಾತು. 18-135, 18-200, 18-400 ಇವುಗಳಲ್ಲಿ ಯಾವುದು ಸರಿ? 18-400 ತೆಗೆದುಕೊಂಡರೆ ಮುಂದೆ ಯಾವ ಚಿಂತೆಯೂ ಇಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಬಳಸಿದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ

ಮೇಷ್ಟ್ರೇ, ಈ ಮೂರರಲ್ಲಿ ಎರಡನ್ನು ನಾನೇ ಕೊಂಡು ವರ್ಷಗಟ್ಟಲೆ ಬಳಸಿದ್ದೇನೆ. 18-400 ಅನ್ನು ಗೆಳೆಯನಿಂದ ಒಂದು ವಾರದ ಮಟ್ಟಿಗೆ ಕೇಳಿ ಪಡೆದಿದ್ದೆ. ನಾನು ತೆಗೆಯುವುದೂ ಹೆಚ್ಚಾಗಿ ದೇವಾಲಯಗಳನ್ನೇ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹಣ ಕೊಡುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿ. ಪ್ರತಿಯೊಂದು ಚಿತ್ರದ ಕಡತದಲ್ಲೂ ಅದನ್ನು ಎಷ್ಟು ಮಿಲಿಮೀಟರಿನಲ್ಲಿ ತೆಗೆದಿರಿ ಎಂಬುದು ದಾಖಲಾಗಿರುತ್ತದೆ. ತರಗತಿಯಲ್ಲಿ ತೋರಿಸಲು ನೀವು ಆರಿಸಿಕೊಂಡ ಚಿತ್ರಗಳನ್ನು ಮಾತ್ರ ತೆರೆದು, 18ರಲ್ಲಿ ಎಷ್ಟಿವೆ, 55ರಲ್ಲಿ ಎಷ್ಟಿವೆ ಎಂದು ಕಾಗದದ ಮೇಲೆ ಗೆರೆ ಎಳೆಯುತ್ತಾ ಹೋಗಿ. ನಾನು ಇದನ್ನು 18-200 ಕೊಂಡ ಎರಡು ವರ್ಷದ ಮೇಲೆ ಮಾಡಿದೆ. 135 ದಾಟಿ ತೆಗೆದ ಚಿತ್ರಗಳು ಬೆರಳೆಣಿಕೆಯಷ್ಟಿದ್ದವು. 18ರಲ್ಲಿ ತೆಗೆದವು ರಾಶಿ ಬಿದ್ದಿದ್ದವು. ಆ ರಾಶಿಯಲ್ಲಿ ಬಹಳಷ್ಟು ಚಿತ್ರಗಳ ಅಂಚಿನಲ್ಲಿ ಏನಾದರೊಂದು ಕತ್ತರಿಸಿ ಹೋಗಿತ್ತು. ಅಂದರೆ ನನಗೆ ಬೇಕಾಗಿದ್ದದ್ದು ಇನ್ನೂ ಅಗಲವಾದ ನೋಟ, ಹಣ ಸುರಿದದ್ದು ದೂರದ ನೋಟಕ್ಕೆ.

ಇದು ದೇವಾಲಯಗಳ ವಿಷಯದಲ್ಲಿ ತುಂಬಾ ಮುಖ್ಯ. ಬೆಳವಾಡಿಯ ವೀರನಾರಾಯಣ ದೇವಾಲಯದ ಮಂಟಪದಲ್ಲಿ ನಿಂತು 18ರಲ್ಲಿ ನೋಡಿ. ಆ ನುಣುಪಾದ ಕಂಬಗಳ ಸಾಲಿನಲ್ಲಿ ಅರ್ಧವೂ ಚೌಕಟ್ಟಿನೊಳಗೆ ಬರುವುದಿಲ್ಲ, ಹಿಂದೆ ಸರಿಯಲು ಜಾಗವೂ ಇರುವುದಿಲ್ಲ. 15ಕ್ಕೂ 18ಕ್ಕೂ ಮೂರೇ ಮಿಲಿಮೀಟರ್ ವ್ಯತ್ಯಾಸ, ಆದರೆ ಚೌಕಟ್ಟಿನೊಳಗೆ ಬರುವ ಅಗಲ ಐದರಲ್ಲಿ ಒಂದು ಪಾಲು ಹೆಚ್ಚುತ್ತದೆ. ಅದಕ್ಕೇ ನೀವು ಹೇಳಿದ ಪಟ್ಟಿಗೆ ಇನ್ನೊಂದನ್ನು ಸೇರಿಸುತ್ತೇನೆ. ಕ್ಯಾನನ್‌ನದೇ 15-85, 2009ರಲ್ಲಿ ಬಂದದ್ದು. ಈಗ ಹಳೆಯದೇ ಸಿಗಬೇಕು. ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಒಳಾಂಗಣಕ್ಕೆ ಅದು ಬಹಳ ಉಪಯುಕ್ತ.

ಇನ್ನು ಎತ್ತರದ ಶಿಲ್ಪಗಳು. ಬೇಲೂರಿನ ಮದನಿಕೆಯರನ್ನೇ ತೆಗೆದುಕೊಳ್ಳೋಣ. ಎಲ್ಲರೂ ಗೋಡೆಯ ಬುಡದಲ್ಲಿ ನಿಂತು ಕತ್ತೆತ್ತಿ ತೆಗೆಯುತ್ತಾರೆ. ಹಾಗೆ ತೆಗೆದ ಚಿತ್ರದಲ್ಲಿ ಆಕೆಯ ಗಲ್ಲದ ಅಡಿಭಾಗ ಕಾಣುತ್ತದೆ, ಮುಖಭಾವ ಕಾಣುವುದಿಲ್ಲ. ಜಗತಿಯಿಂದ, ಅಂದರೆ ದೇವಾಲಯ ನಿಂತಿರುವ ಕಟ್ಟೆಯಿಂದ, ಇಳಿದು ಅಂಗಳದಲ್ಲಿ ಹಿಂದೆ ಹಿಂದೆ ಸರಿಯಿರಿ. ನೋಟದ ಓರೆ ಕಡಿಮೆಯಾಗುತ್ತಾ ಬಂದು ಒಂದು ಹಂತದಲ್ಲಿ ಕನ್ನಡಿ ಹಿಡಿದವಳ ಕಣ್ಣು, ಕೈಬೆರಳು, ಕನ್ನಡಿಯ ಅಂಚು ಮೂರೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಅಲ್ಲಿಂದ 135 ಸಾಕಾಗುತ್ತದೆ, ನನಗಂತೂ ಸಾಕಾಗಿದೆ. ಬೆಳಗಿನ ಓರೆ ಬಿಸಿಲಿದ್ದರೆ ಬಳಪದ ಕಲ್ಲಿನ ಮೇಲಿನ ಸರಗಳ ಮಣಿಗಳನ್ನು ಒಂದೊಂದಾಗಿ ಎಣಿಸಬಹುದು. ಟೆಲಿ, ಅಂದರೆ ದೂರದ ನೋಟ, ಬೇಕಾಗುವುದು ಹೀಗೆ ನಿಲ್ಲುವ ಜಾಗವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯಕ್ಕಾಗಿ.

ನನ್ನ 18-200ರದು ಒಂದು ತೊಂದರೆ ಇತ್ತು. ಮೇಲಕ್ಕೆ ಮುಖ ಮಾಡಿ ಹಿಡಿದರೆ ಕೊಳವೆ ತನ್ನಷ್ಟಕ್ಕೆ ಒಳಗೆ ಜಾರುತ್ತಿತ್ತು. 100ರಲ್ಲಿ ಇಟ್ಟ ಚೌಕಟ್ಟು ಬೆರಳು ಒತ್ತುವಷ್ಟರಲ್ಲಿ 80ಕ್ಕೆ ಬಂದಿರುತ್ತಿತ್ತು. ನಡೆಯುವಾಗ ಕೊರಳಿಗೆ ತೂಗಿಕೊಂಡರೆ ಹೊರಗೆ ಜಾರುತ್ತಿತ್ತು. ಅದಕ್ಕೊಂದು ಲಾಕ್ ಗುಂಡಿ ಇದೆ, ಆದರೆ ಅದು ಹಿಡಿಯುವುದು 18ರಲ್ಲಿ ಮಾತ್ರ. ಛಾವಣಿಯ ಭುವನೇಶ್ವರಿಯನ್ನು (ಕೆತ್ತನೆಯ ಒಳಛಾವಣಿ) ತೆಗೆಯುವವರಿಗೆ ಇದು ಸಣ್ಣ ತೊಂದರೆಯಲ್ಲ. ಅದನ್ನು ಕೊಟ್ಟು 18-135 ತೆಗೆದುಕೊಂಡೆ, ಆಮೇಲೆ ಹಿಂತಿರುಗಿ ನೋಡಿಲ್ಲ.

18-135ರಲ್ಲಿ ಹಲವು ಬಗೆಗಳಿವೆ. 2012ರಲ್ಲಿ ಬಂದ ಎಸ್‌ಟಿಎಂ, 2016ರಲ್ಲಿ ಬಂದ ಯುಎಸ್‌ಎಂ ಇವೆರಡರಲ್ಲಿ (ಫೋಕಸ್ ಮೋಟರಿನ ಬಗೆಯಿಂದ ಬಂದ ಹೆಸರುಗಳು) ಯಾವುದಾದರೂ ಆದೀತು. ಅದಕ್ಕೂ ಹಿಂದಿನದನ್ನು ಬಿಟ್ಟುಬಿಡಿ, ಅದರ ಮೋಟರು ವಿಡಿಯೊ ಮಾಡುವಾಗ ಸದ್ದು ಮಾಡುತ್ತದೆ. ಎರಡೂ ಸುಮಾರು ಅರ್ಧ ಕೆ.ಜಿ. ತೂಕ, ಎರಡಕ್ಕೂ 67 ಮಿ.ಮೀ. ಫಿಲ್ಟರ್. ಎರಡರಲ್ಲೂ ಸುಮಾರು 39 ಸೆಂ.ಮೀ. ಹತ್ತಿರದವರೆಗೆ ಫೋಕಸ್ ಆಗುತ್ತದೆ. ಶಾಸನದ ಒಂದು ಅಕ್ಷರಪಂಕ್ತಿಯನ್ನು ತುಂಬು ಚೌಕಟ್ಟಿನಲ್ಲಿ ತೆಗೆಯಲು ಅಷ್ಟು ಸಾಕು. 18ರಲ್ಲಿ ಅಂಚಿನ ಕಂಬಗಳು ತುಸು ಬಾಗಿದಂತೆ ಕಾಣುತ್ತವೆ. ಅದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿಕೊಳ್ಳಬಹುದು.

ಉಡುಪಿಯಿಂದ

ಮೈಸೂರಿನವರು ಕಲ್ಲಿನ ಬಗ್ಗೆ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ನೀವು ವಾರ್ಷಿಕೋತ್ಸವ ಎಂದೂ ಬರೆದಿದ್ದೀರಿ. ಅಲ್ಲಿ ಲೆಕ್ಕಾಚಾರ ಬೇರೆ.

ಲೆನ್ಸ್‌ನೊಳಗಿನ ಐಎಸ್ ನಮ್ಮ ಕೈ ನಡುಕವನ್ನು ತಡೆಯುತ್ತದೆ. ನವರಂಗದ ಮಬ್ಬಿನಲ್ಲಿ ಉಸಿರು ಬಿಗಿಹಿಡಿದು 1/15 ಸೆಕೆಂಡಿನಲ್ಲೂ ಕಂಬವನ್ನು ಸ್ಪಷ್ಟವಾಗಿ ತೆಗೆಯಬಹುದು, ಏಕೆಂದರೆ ಕಂಬ ನಿಂತಲ್ಲೇ ನಿಂತಿರುತ್ತದೆ. ವೇದಿಕೆಯ ಮೇಲೆ ಕೋಲಾಟ ಆಡುವ ಮಗು ನಿಲ್ಲುವುದಿಲ್ಲ. ಅದನ್ನು ಹಿಡಿಯಲು 1/250 ಆದರೂ ಬೇಕು, ಅದಕ್ಕೆ ಬೇಕಾಗುವುದು ಬೆಳಕು. ನಾನು ಯಕ್ಷಗಾನದ ಚಿತ್ರ ತೆಗೆಯುವವನು. ಬಯಲಾಟದಲ್ಲಿ ಪುಂಡುವೇಷದ (ತರುಣ ವೀರನ ಪಾತ್ರ) ಧಿಗಿಣವನ್ನು, ಅಂದರೆ ರಭಸದ ಸುತ್ತುಕುಣಿತವನ್ನು, 18-135ರಲ್ಲಿ ತೆಗೆಯಲು ಹೋಗಿ ಒಂದು ಇಡೀ ರಾತ್ರಿ ಕಳೆದುಕೊಂಡಿದ್ದೇನೆ. ಟೆಲಿ ತುದಿಯಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಅಂಕಿ ಚಿಕ್ಕದಾದಷ್ಟು ಲೆನ್ಸಿನ ಕಿಂಡಿ ದೊಡ್ಡದು). ಐಎಸ್‌ಒ 6400ಕ್ಕೆ ಏರಿಸಿದೆ, ಅಂದರೆ ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು ಹೆಚ್ಚಿಸಿದೆ. ಮುಖವರ್ಣಿಕೆಯ ಕೆಂಪು ಬಿಳಿ ರೇಖೆಗಳೆಲ್ಲ ರವೆ ಚೆಲ್ಲಿದಂತೆ ಒಡೆದುಹೋಗಿದ್ದವು. ಎಫ್/2.8 ತೆರೆಯುವ ಲೆನ್ಸ್ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅದೇ ಶಟರ್ ವೇಗಕ್ಕೆ ಐಎಸ್‌ಒ 1600 ಸಾಕಾಗುತ್ತದೆ. ಆಮೇಲೆ ನಾನು ಸಿಗ್ಮಾ 17-50 ಎಫ್/2.8 ಕೊಂಡೆ. ಚೌಕಿಯಲ್ಲಿ ವೇಷ ಕಟ್ಟುವುದರಿಂದ ಹಿಡಿದು ಮಂಗಳದವರೆಗೆ ಅದೊಂದರಲ್ಲೇ ಕಳೆಯುತ್ತದೆ. ದೂರದ್ದು ಬೇಕೆನಿಸಿದಾಗ ಎದ್ದು ರಂಗಸ್ಥಳದ ಹತ್ತಿರ ಹೋಗುತ್ತೇನೆ.

ನಿಮಗೆ ಎತ್ತರದ ಶಿಲ್ಪ ಮುಖ್ಯವಾದ್ದರಿಂದ 17-50 ಹೇಳಲಾರೆ. 18-135 ಕೊಂಡು, ಜೊತೆಗೆ ಕ್ಯಾನನ್‌ನ 24 ಎಫ್/2.8 ತೆಳು ಲೆನ್ಸ್ ಒಂದನ್ನು ಇಟ್ಟುಕೊಳ್ಳಿ. ಬರೀ 125 ಗ್ರಾಂ, ಅಂಗಿಯ ಜೇಬಿನಲ್ಲಿ ಹೋಗುತ್ತದೆ. ನಾಮಕರಣ, ಸೀಮಂತದಂಥ ಮನೆಯೊಳಗಿನ ಕಾರ್ಯಗಳಿಗೆ ಅದು ಹೇಳಿ ಮಾಡಿಸಿದ್ದು. 50 ಎಫ್/1.8 ಅಗ್ಗ ಎಂದು ಎಲ್ಲರೂ ಸಲಹೆ ಕೊಡುತ್ತಾರೆ, ಆದರೆ ನಿಮ್ಮ ಕ್ಯಾಮೆರಾದಲ್ಲಿ ಅದು 80ರಷ್ಟು ಬಿಗಿಯಾದ ನೋಟ ಕೊಡುತ್ತದೆ. ನಡುಮನೆಯಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತರೂ ನಾಲ್ಕು ಜನ ಸೇರುವುದಿಲ್ಲ.

ಹುಣಸೂರಿನಿಂದ

18-400ರ ಪರವಾಗಿ ಯಾರೂ ಮಾತನಾಡಿಲ್ಲ, ನಾನು ಮಾತನಾಡುತ್ತೇನೆ. ಟ್ಯಾಮ್ರಾನ್‌ನವರು 2017ರಲ್ಲಿ ತಂದ ಲೆನ್ಸ್ ಅದು. ನಾಗರಹೊಳೆಯ ಸಫಾರಿಯಲ್ಲಿ ಜೀಪು ಎಬ್ಬಿಸುವ ಕೆಂಪು ಧೂಳಿನ ನಡುವೆ ಲೆನ್ಸ್ ಬದಲಿಸಿದರೆ ಸೆನ್ಸರ್ ಕೆಡುತ್ತದೆ. ಆನೆ ಹತ್ತು ಮಾರು ದೂರದಲ್ಲಿ ದಾರಿ ದಾಟುತ್ತದೆ, ಮರುಗಳಿಗೆಯಲ್ಲೇ ಒಣಮರದ ತುದಿಯಲ್ಲಿ ಹದ್ದು ಕೂರುತ್ತದೆ. ಎರಡನ್ನೂ ನಾನು ಒಂದೇ ಲೆನ್ಸಿನಲ್ಲಿ ತೆಗೆದಿದ್ದೇನೆ. ಆ ಸಂತೋಷಕ್ಕೆ ಬೆಲೆ ಇಲ್ಲ.

ಆದರೂ ಪ್ರಾಮಾಣಿಕವಾಗಿ ಹೇಳುತ್ತೇನೆ, ತೂಕ 700 ಗ್ರಾಂ ದಾಟುತ್ತದೆ. ನಿಮ್ಮ ಹಗುರವಾದ ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಮೂತಿ ಕೆಳಗೆ ವಾಲುತ್ತದೆ. 400ರಲ್ಲಿ ಎಫ್/6.3 ಮಾತ್ರ. ಬೆಳಗಿನ ಆರೂವರೆಯ ಕಾಡಿನ ಬೆಳಕಿಗೆ ಅದು ಸಾಲದು, ಎಂಟು ಗಂಟೆಯ ನಂತರ ಚೆನ್ನಾಗಿ ಬರುತ್ತದೆ. ಹಕ್ಕಿ, ಪ್ರಾಣಿಗಳ ಬಗ್ಗೆ ನೀವು ಬರೆದೇ ಇಲ್ಲ. ಆದ್ದರಿಂದ ನಿಮಗೆ ಇದು ಬೇಡ ಎಂದೇ ನನ್ನ ಅಭಿಪ್ರಾಯವೂ.

ತೀರ್ಥಹಳ್ಳಿಯಿಂದ

ಹಳೆಯ ಲೆನ್ಸ್ ಕೊಳ್ಳುವ ಮಾತು ಬಂದದ್ದರಿಂದ ಹೇಳುತ್ತೇನೆ, ದಯವಿಟ್ಟು ಫಂಗಸ್ ನೋಡಿಕೊಳ್ಳಿ. ನಾನು ಒಮ್ಮೆ ಮಳೆಗಾಲದ ಸಂಜೆ ಅಂಗಡಿಯೊಂದರ ಮಂದ ದೀಪದಲ್ಲಿ ನೋಡಿ 18-135 ತಂದೆ. ಮನೆಗೆ ಬಂದು ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಅಂಚಿನಿಂದ ಬಿಳಿಯ ಎಳೆಗಳು ಬೇರು ಬಿಟ್ಟಂತೆ ಹರಡಿಕೊಂಡಿದ್ದವು. ಶುಚಿ ಮಾಡಿಸಿದೆ, ಎಳೆಗಳು ಹೋದವು, ಅವು ಕೊರೆದ ಗುರುತು ಲೇಪನದ ಮೇಲೆ ಹಾಗೇ ಉಳಿಯಿತು. ಬಿಸಿಲಿಗೆ ಎದುರಾಗಿ ತೆಗೆದರೆ ಚಿತ್ರವೆಲ್ಲ ಹಾಲಿನ ಪೊರೆ ಕಟ್ಟಿದಂತೆ ಬರುತ್ತದೆ.

ಟಾರ್ಚ್ ಪರೀಕ್ಷೆ ಆದ ಮೇಲೆ ಜೂಮ್ ಬಳೆಯನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತಿರುಗಿಸಿ. ನಡುವೆ ಎಲ್ಲಾದರೂ ತಡೆದಂತಾದರೆ, ಮರಳಿನ ಸದ್ದು ಬಂದರೆ ಬೇಡ. ಆಮೇಲೆ ದಿನಪತ್ರಿಕೆಯ ಎರಡು ಪುಟ ಬಿಡಿಸಿ ಗೋಡೆಗೆ ಅಂಟಿಸಿ, ನೇರ ಎದುರು ನಿಂತು 18ರಲ್ಲೂ 135ರಲ್ಲೂ ತೆಗೆಯಿರಿ. ನಾಲ್ಕು ಮೂಲೆಯ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿ. ನಾಲ್ಕೂ ಒಂದೇ ಸಮ ಮಸುಕಾಗಿದ್ದರೆ ಚಿಂತೆಯಿಲ್ಲ. ಒಂದು ಮೂಲೆ ಮಾತ್ರ ಕಲಸಿದಂತಿದ್ದರೆ ಒಳಗಿನ ಗಾಜು ಸ್ಥಾನ ತಪ್ಪಿರಬಹುದು, ಲೆನ್ಸ್ ಎಂದಾದರೂ ಕೆಳಗೆ ಬಿದ್ದಿರಬಹುದು.

ಜೂಮ್ ಲೆನ್ಸ್ ಉದ್ದವಾಗುವಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮಳೆಯಲ್ಲಿ ಓಡಾಡಿ ಬಂದ ದಿನ ಅದನ್ನು ಚೀಲದೊಳಗೇ ಬಿಡಬೇಡಿ. ನಾನು ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಎಂದರ್ಥ.

ಅರಸೀಕೆರೆಯಿಂದ ಮತ್ತೆ

ಎಲ್ಲರಿಗೂ ಮನಸಾರೆ ಕೃತಜ್ಞತೆ. ಮೈಸೂರಿನವರು ಹೇಳಿದಂತೆ ನಿನ್ನೆ ರಾತ್ರಿ ಊಟ ಮುಗಿಸಿ ಎಣಿಸಲು ಕುಳಿತೆ. ತರಗತಿಯಲ್ಲಿ ತೋರಿಸುವ 212 ಚಿತ್ರಗಳಲ್ಲಿ 97 ಚಿತ್ರಗಳು ಸರಿಯಾಗಿ 18ರಲ್ಲಿ ತೆಗೆದವು, 71 ಚಿತ್ರಗಳು 55ರಲ್ಲಿ ತೆಗೆದವು. ನಡುವಿನವು ಉಳಿದ 44 ಮಾತ್ರ. ನನ್ನ ಲೆನ್ಸ್ ಎರಡೂ ತುದಿಯಲ್ಲಿ ಸಾಲುತ್ತಿಲ್ಲ ಎಂಬುದು ಇಷ್ಟು ದಿನ ನನಗೆ ಹೊಳೆದಿರಲಿಲ್ಲ. ಆ 71ರಲ್ಲಿ ಹೆಚ್ಚಿನವು ಮೇಲಿನ ಸಾಲಿನ ಶಿಲ್ಪಗಳು. ಅವನ್ನು ಕತ್ತರಿಸಿ ದೊಡ್ಡದು ಮಾಡಿ ತೋರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಸರ್, ಅವಳ ಕೈಯಲ್ಲಿ ಇರುವುದು ಗಿಳಿಯೋ ಹೂವೋ?" ಎಂದು ಕೇಳಿದ್ದಳು. ನನಗೂ ಹೇಳಲಾಗಿರಲಿಲ್ಲ.

ಹಾಸನದಲ್ಲಿ ಒಬ್ಬರು ಯುಎಸ್‌ಎಂ ಮಾದರಿಯ 18-135 ಮಾರುತ್ತಿದ್ದಾರೆ. ಶನಿವಾರ ಟಾರ್ಚು, ಪತ್ರಿಕೆ ಎರಡನ್ನೂ ತೆಗೆದುಕೊಂಡು ಹೋಗುತ್ತೇನೆ. 24ರ ತೆಳು ಲೆನ್ಸ್ ವಾರ್ಷಿಕೋತ್ಸವದ ಹೊತ್ತಿಗೆ. 15-85 ಎಲ್ಲಾದರೂ ಕಣ್ಣಿಗೆ ಬಿದ್ದರೆ ತಿಳಿಸಿ.

ಮೈಸೂರಿನಿಂದ

ಖಂಡಿತ ತಿಳಿಸುತ್ತೇನೆ. ಲೆನ್ಸಿನೊಂದಿಗೆ ಹುಡ್ (ಓರೆ ಬೆಳಕನ್ನು ತಡೆಯುವ ಮುಂದಿನ ಮರೆ) ಇದೆಯೇ ಎಂದು ಮರೆಯದೆ ಕೇಳಿ, ಕ್ಯಾನನ್‌ನವರು ಇದರ ಜೊತೆ ಕೊಡುವುದಿಲ್ಲ. ಯುಎಸ್‌ಎಂಗೆ ಬೇಕಾದದ್ದು ಇಡಬ್ಲ್ಯೂ-73ಡಿ, ಎಸ್‌ಟಿಎಂಗೆ ಇಡಬ್ಲ್ಯೂ-73ಬಿ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ ಇರುವುದರಿಂದ ಅಂಗಡಿಯಲ್ಲಿ ಅದಲುಬದಲಾಗುತ್ತದೆ. ಅಲ್ಲಿಯೇ ಸಿಕ್ಕಿಸಿ, ತಿರುಗಿಸಿ, ಬಿಗಿಯಾಗಿ ಕೂರುವುದನ್ನು ನೋಡಿಯೇ ತನ್ನಿ. ನಿಮ್ಮ 18-55ರ 58 ಮಿ.ಮೀ. ಫಿಲ್ಟರ್ ಇದಕ್ಕೆ ಹೊಂದುವುದಿಲ್ಲ. ಆ ಗಿಳಿಯೋ ಹೂವೋ ಎಂಬುದನ್ನು ತೆಗೆದ ದಿನ ಚಿತ್ರವನ್ನು ನಮಗೂ ತೋರಿಸಿ.