ಪೆನ್ಸಿಲ್ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿದಾಗ ಮಂಕಾಗುವುದೇಕೆ?

ಪ್ರಶ್ನೆ — ಹೊಸಕುಂಚ

ಬಾದಾಮಿಯ ಅಗಸ್ತ್ಯತೀರ್ಥದ ದಡದಲ್ಲಿರುವ ಭೂತನಾಥ ದೇವಾಲಯವನ್ನು ಎ4 ಹಾಳೆಯ ಮೇಲೆ 2ಬಿ ಮತ್ತು ಅದಕ್ಕಿಂತ ಮೆದುವಾದ, ಕಪ್ಪಾದ 6ಬಿ ಪೆನ್ಸಿಲ್‌ಗಳಿಂದ ನೆರಳು ಸಹಿತ ಬಿಡಿಸಿದ್ದೇನೆ. ಅದನ್ನು ಕ್ರಿಟಾ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ವರ್ಣಚಿತ್ರವಾಗಿಸಬೇಕೆಂಬ ಆಸೆ. ಸ್ಕ್ಯಾನ್ ಮಾಡಿದ ಕಡತವನ್ನು ತೆರೆದು ಹೊಸ ಲೇಯರ್ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಪದರ) ಮೇಲೆ ಕೆಂಪು ಹಚ್ಚಿದರೆ ಅದು ಬೂದಾಗಿಯೇ ಮೂಡುತ್ತದೆ. ಫೋನಿನಲ್ಲಿ ತೆಗೆದ ಛಾಯಾಚಿತ್ರವನ್ನು ಬಳಸಿದರೆ ಬಣ್ಣವೇನೋ ಬರುತ್ತದೆ, ಆದರೆ ಕಲ್ಲೆಲ್ಲ ಕೆಸರು ಮೆತ್ತಿದಂತೆ ಕಾಣುತ್ತದೆ. ನನ್ನ ಕಂಪ್ಯೂಟರಿನಲ್ಲಿರುವುದು 4 ಜಿಬಿ ರ‍್ಯಾಮ್ ಮಾತ್ರ. ಎಲ್ಲಿಂದ ಸರಿಪಡಿಸಬೇಕು?

ಉತ್ತರ — ಬೂದುಗೆರೆ

ಬೂದು ಬಣ್ಣದ ಕಾರಣ ಸರಳ. ನೀವು ಗ್ರೇಸ್ಕೇಲ್‌ನಲ್ಲಿ, ಅಂದರೆ ಬರೀ ಕಪ್ಪು-ಬಿಳಿ-ಬೂದುಗಳಲ್ಲಿ, ಸ್ಕ್ಯಾನ್ ಮಾಡಿದ್ದೀರಿ. ಆ ಕಡತವನ್ನು ನೇರವಾಗಿ ತೆರೆದರೆ ಇಡೀ ಚಿತ್ರವೇ ಗ್ರೇಸ್ಕೇಲ್ ಆಗಿರುತ್ತದೆ, ಅದರಲ್ಲಿ ಕೆಂಪಿಗೆ ಜಾಗವಿಲ್ಲ. ಇಮೇಜ್ ಮೆನುವಿನಲ್ಲಿರುವ ಕನ್ವರ್ಟ್ ಇಮೇಜ್ ಕಲರ್ ಸ್ಪೇಸ್ ಮೂಲಕ ಅದನ್ನು ಆರ್‌ಜಿಬಿಗೆ (ಕೆಂಪು, ಹಸಿರು, ನೀಲಿ ಸೇರಿ ಬಣ್ಣ ಮೂಡಿಸುವ ಬಗೆಗೆ) ಬದಲಾಯಿಸಿರಿ. ಸ್ಕ್ಯಾನ್ ಮಾತ್ರ 300 ಡಿಪಿಐನಲ್ಲಿರಲಿ (ಒಂದು ಅಂಗುಲಕ್ಕೆ 300 ಚುಕ್ಕಿ). ಆಗ ಎ4 ಹಾಳೆ 2480×3508 ಪಿಕ್ಸೆಲ್ ಆಗುತ್ತದೆ, ಪೂರ್ತಿ ತುಂಬಿದ ಒಂದು ಲೇಯರ್ ಸುಮಾರು 35 ಎಂಬಿ ಹಿಡಿಯುತ್ತದೆ. 600 ಡಿಪಿಐಗೆ ಹೋದರೆ ಅದರ ನಾಲ್ಕು ಪಟ್ಟಾಗಿ ನಿಮ್ಮ ಯಂತ್ರ ಏದುಸಿರು ಬಿಡುತ್ತದೆ. ಫೋನಿನ ಛಾಯಾಚಿತ್ರದಲ್ಲಿ 6ಬಿ ಗೆರೆಗಳು ಬೆಳಕಿಗೆ ಮಿನುಗಿ ಮಾಸಿದಂತೆ ಕಾಣುವುದರಿಂದ ಸ್ಕ್ಯಾನರ್ ಇರುವಾಗ ಅದನ್ನೇ ನೆಚ್ಚಿಕೊಳ್ಳುವುದು ಲೇಸು.

ಉತ್ತರ — ವರ್ಣಪೆಟ್ಟಿಗೆ

ಕೆಸರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ನೀವು ಪೆನ್ಸಿಲ್ ಲೇಯರನ್ನು ಮೇಲಿಟ್ಟು, ಲೇಯರ್‌ಗಳನ್ನು ಬೆರೆಸುವ ಮಲ್ಟಿಪ್ಲೈ ವಿಧಾನವನ್ನು ಅದಕ್ಕೆ ಹಾಕಿರಬೇಕು. ಬಿಳಿಯನ್ನು 1, ಕಪ್ಪನ್ನು 0 ಎಂದು ಎಣಿಸಿ ಮೇಲಿನ ಲೇಯರನ್ನು ಕೆಳಗಿನದರೊಂದಿಗೆ ಗುಣಿಸುವುದೇ ಆ ವಿಧಾನವಾದ್ದರಿಂದ, ಹಾಳೆ ಅಚ್ಚ ಬಿಳಿಯಾಗಿದ್ದರೆ ಬಣ್ಣಕ್ಕೆ ಏನೂ ಆಗುವುದಿಲ್ಲ; ಛಾಯಾಚಿತ್ರದಲ್ಲಿ ಹಾಳೆ ನಸುಬೂದಾಗಿರುವುದರಿಂದ ಎಲ್ಲವೂ ಮಂಕಾಗುತ್ತದೆ. ಕಪ್ಪು-ಬಿಳಿಯ ಮಟ್ಟ ತಿದ್ದುವ ಲೆವೆಲ್ಸ್ ಫಿಲ್ಟರಿನಲ್ಲಿ ಬಿಳಿಯ ಗುಂಡಿಯನ್ನು ಎಡಕ್ಕೆ ಸರಿಸಿ ಹಾಳೆಯನ್ನು ಬಿಳಿಯಾಗಿಸಿದರೆ ಅರ್ಧ ತೊಂದರೆ ಕಳೆಯುತ್ತದೆ.

ಉಳಿದರ್ಧ ನಿಮ್ಮ ಪೆನ್ಸಿಲ್ ನೆರಳಿನಲ್ಲಿದೆ. ಬೂದು ನೆರಳು ಕೆಳಗಿನ ಕೆಂಪನ್ನು ಕಪ್ಪಾಗಿಸುತ್ತದೆಯೇ ಹೊರತು ಅದರ ಛಾಯೆಯನ್ನು ಬದಲಾಯಿಸುವುದಿಲ್ಲ. ಬಯಲಿನಲ್ಲಿ ಹಾಗಾಗುವುದಿಲ್ಲ: ಬಿಸಿಲು ಬಿದ್ದ ಕಡೆ ಕಿತ್ತಳೆಗೆ ತಿರುಗುವ ಬಾದಾಮಿಯ ಮರಳುಗಲ್ಲು, ನೆರಳಿರುವ ಕಡೆ ಆಕಾಶದ ನೀಲಿಯನ್ನು ಪಡೆದು ನೇರಳೆಗೆ ವಾಲುತ್ತದೆ. ಆದ್ದರಿಂದ ನೆರಳನ್ನು ಪೆನ್ಸಿಲ್ ಲೇಯರಿಗೆ ಬಿಡದೆ ಬಣ್ಣದಲ್ಲಿಯೇ ಹಚ್ಚಬೇಕು. ಪೆನ್ಸಿಲ್ ಲೇಯರ್ ಮೇಲೆ ಕಲರ್ ಟು ಆಲ್ಫಾ ಫಿಲ್ಟರ್ ಹಾಕಿ ಬಿಳಿಯನ್ನು ತೆಗೆದುಹಾಕಿ, ಆಲ್ಫಾ ಲಾಕ್ ಮಾಡಿ (ಖಾಲಿ ಜಾಗಕ್ಕೆ ಬಣ್ಣ ಹತ್ತದಂತೆ ಬೀಗ ಹಾಕಿ), ಉಳಿದ ಗೆರೆಗಳಿಗೆ ಗಾಢ ಕಂದು ತುಂಬಿರಿ. ಅದರ ಕೆಳಗಿನ ಹೊಸ ಲೇಯರಿನಲ್ಲಿ, ಶಿಖರದ ಅಂತಸ್ತುಗಳ ಕಡೆ ಕಣ್ಣೆತ್ತಿಯೂ ನೋಡದೆ, ದೊಡ್ಡ ಕುಂಚದಿಂದ ಆಕಾಶ, ಬಂಡೆ, ಗುಡಿ, ನೀರು ಎಂಬ ನಾಲ್ಕು ಹರವುಗಳನ್ನಷ್ಟೇ ಹಚ್ಚಿರಿ.

ಉತ್ತರ — ಬೂದುಗೆರೆ

ಇಲ್ಲಿ ನನ್ನದು ಭಿನ್ನಾಭಿಪ್ರಾಯ. ನೆರಳು ತುಂಬಿದ ಚಿತ್ರದಿಂದ ಗೆರೆಗಳನ್ನು ಸೋಸಲು ಹೊರಟರೆ ನೆರಳೂ ಕಂದಾಗಿ ಜೊತೆಗೇ ಬರುತ್ತದೆ. ಪೆನ್ಸಿಲ್ ಲೇಯರಿನ ಅಪಾರದರ್ಶಕತೆಯನ್ನು 30 ಪ್ರತಿಶತಕ್ಕೆ ಇಳಿಸಿ, ಮೇಲೆ ಹೊಸ ಲೇಯರಿನಲ್ಲಿ ಹೊರರೇಖೆಗಳನ್ನು ಮತ್ತೊಮ್ಮೆ ಎಳೆದು, ಮೂಲವನ್ನು ಮರೆಮಾಡುವುದು ಹೊಸಬರಿಗೆ ಸುಲಭ. ಕೈಗೂ ಚಿತ್ರ ಬಿಡಿಸುವ ಟ್ಯಾಬ್ಲೆಟ್ಟಿನ ಅಭ್ಯಾಸವಾಗುತ್ತದೆ.

ಹೊಸಕುಂಚ

ಆರ್‌ಜಿಬಿಗೆ ಬದಲಾಯಿಸಿದೊಡನೆ ಕೆಂಪು ಬಂದಿತು, ಧನ್ಯವಾದಗಳು. ಹೊರರೇಖೆಗಳನ್ನು ಮತ್ತೆ ಎಳೆಯಲು ತೊಡಗಿದ್ದೇನೆ. ನೀರಿನಲ್ಲಿ ಕಾಣುವ ಪ್ರತಿಬಿಂಬಕ್ಕೆ ಗುಡಿಯ ಲೇಯರನ್ನೇ ನಕಲು ಮಾಡಿ ತಲೆಕೆಳಗಾಗಿಸಿದರೆ ಸಾಕೇ?

ಉತ್ತರ — ವರ್ಣಪೆಟ್ಟಿಗೆ

ದೂರದಿಂದ ನೋಡಿದ ಚಿತ್ರವಾದರೆ ಸಾಕು. ಹತ್ತಿರದ್ದಾದರೆ ಪ್ರತಿಬಿಂಬವು ನೀರಿನ ಮಟ್ಟಕ್ಕಿಂತ ಕೆಳಗಿನಿಂದ ನೋಡಿದಂತಿರುವುದರಿಂದ ಮೆಟ್ಟಿಲುಗಳ ಮೇಲ್ಮೈ ಅದರಲ್ಲಿ ಕಾಣದು, ಸೂರಿನ ಅಡಿಭಾಗ ಹೆಚ್ಚು ಕಾಣುತ್ತದೆ. ಅಷ್ಟನ್ನು ಕೈಯಿಂದ ತಿದ್ದಬೇಕು. ಜೊತೆಗೆ ಬೆಳಕಿನ ಭಾಗಗಳನ್ನು ತುಸು ಕಂದಿಸಿ, ಕಡುಗಪ್ಪನ್ನು ತುಸು ತಿಳಿಗೊಳಿಸಿರಿ.