ಸ್ಯಾಂಪಲ್ ಕೇಳಬೇಡಿ, ತೊಗರಿ ಹೊಲದ ಕತೆ ಕೇಳಿ

ಪರ್ಸನಲ್ ಸ್ಟೇಟ್‌ಮೆಂಟ್‌ಗೆ, ಅಂದರೆ ವಿದೇಶಿ ವಿಶ್ವವಿದ್ಯಾಲಯದ ಅರ್ಜಿ ಜೊತೆ ನಮ್ಮ ಬಗ್ಗೆ ಬರೆಯುವ ಪುಟಕ್ಕೆ, ಒಂದು ಸ್ಯಾಂಪಲ್ ಕಳಿಸಿ ಅಂತ ಈ ಗುಂಪಿನಲ್ಲಿ ವಾರಕ್ಕೊಬ್ಬರಾದರೂ ಕೇಳ್ತೀರಿ. ನಾನಂತೂ ಕಳಿಸುವುದಿಲ್ಲ. ಜಿಪುಣತನ ಅಂದ್ಕೋಬೇಡಿ. ಡಿಸೆಂಬರ್‌ನಲ್ಲಿ ಕಲಬುರಗಿಗೆ ಹೋದಾಗ ಒಂದು ಸ್ಯಾಂಪಲ್ ಮಾಡಿಟ್ಟ ಅವಾಂತರ ಕಣ್ಣಾರೆ ನೋಡಿ ಬಂದಿದ್ದೇನೆ.

ಅಕ್ಕನ ಮಗಳು ಬಿಎಸ್ಸಿ ಅಗ್ರಿ ಮುಗಿಸಿದ್ದಾಳೆ. ಬ್ರಿಟನ್ನಿನಲ್ಲಿ ಸಸ್ಯರೋಗಗಳ ಬಗ್ಗೆ ಎಂಎಸ್ಸಿ ಮಾಡುವ ಆಸೆ. ಒಬ್ಬ ಏಜೆಂಟ್ ಬರೆದುಕೊಟ್ಟ ಎರಡು ಪುಟ ತೋರಿಸಿದಳು. ‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಅಂತ ಶುರು. ಮುಂದೆ ಬರೀ ‘ವಿಶ್ವದರ್ಜೆ’, ‘ಹೆಸರಾಂತ’. ಅವಳ ಹೆಸರು ತೆಗೆದು ಎಂಬಿಎಗೆ ಹೋಗುವ ಹುಡುಗನ ಹೆಸರು ಹಾಕಿದರೂ ನಡೀತಿತ್ತು. ಪುಣ್ಯಾತ್ಮ ಹಾಕಿಯೂ ಇರಬಹುದು.

ಮರುದಿನ ಎಳ್ಳ ಅಮಾವಾಸ್ಯೆ. ಚರಗ ಚೆಲ್ಲಲು, ಅಂದರೆ ಹೊಲಕ್ಕೆ ನೈವೇದ್ಯ ಎರಚಲು, ಎಲ್ಲರೂ ಚಿತ್ತಾಪುರ ತಾಲೂಕಿನ ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಭಜ್ಜಿ ತಿನ್ನುತ್ತಾ ಕೂತಾಗ ಅವಳು ಸುಮ್ನೆ ಬದು ತೋರಿಸಿ ಹೇಳಿದಳು. 2022ರಲ್ಲಿ ಇದೇ ಹಬ್ಬಕ್ಕೆ ಬಂದಾಗ ತೊಗರಿ ನಿಂತಲ್ಲೇ ಒಣಗಿತ್ತಂತೆ. ನೆಟೆ ರೋಗ. ಆ ವರ್ಷ ಜಿಲ್ಲೆಯ ತುಂಬ ಅದೇ ಗೋಳು, ನಿಮಗೂ ನೆನಪಿರಬಹುದು. ಕಾಳು ಕಟ್ಟುವ ಹೊತ್ತಿಗೆ ಗಿಡ ಹೋಯಿತು. ಅವಳು ಆಗ ಎರಡನೇ ವರ್ಷದಲ್ಲಿದ್ದಳು. ಒಂದು ಗಿಡ ಕಿತ್ತು ಕಾಂಡ ಸೀಳಿದರೆ ಒಳಗೆ ಉದ್ದಕ್ಕೂ ಕಪ್ಪು ಗೆರೆ. ಕ್ಲಾಸಿನಲ್ಲಿ ಫ್ಯುಸೇರಿಯಂ ಉಡಮ್ ಅಂತ ಬಾಯಿಪಾಠ ಮಾಡಿದ ಶಿಲೀಂಧ್ರ ಅಪ್ಪನ ಹೊಲದಲ್ಲೇ ಕೂತಿತ್ತು. ಅದು ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾದರೆ ತೊಗರಿಯನ್ನು ಜೋಳದ ಜೊತೆ ಅಕ್ಕಡಿ (ಮಿಶ್ರ ಬೆಳೆ) ಹಾಕಿದ್ದ ಪಕ್ಕದ ಹೊಲದಲ್ಲಿ ಯಾಕೆ ಕಡಿಮೆ ಒಣಗಿತ್ತು? ಇದೇ ಪ್ರಶ್ನೆ ಹಿಡಿದು ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿದ್ದಳು.

ಏಜೆಂಟನ ಎರಡು ಪುಟದಲ್ಲಿ ಇದರ ಒಂದು ಅಕ್ಷರವೂ ಇರಲಿಲ್ಲ!

"ಇದನ್ನೇ ಬರಿ" ಅಂದೆ. "ಏನ್ ಮಾಮಾ, ನಮ್ಮ ಹೊಲದಾಗ ತೊಗರಿ ಒಣಗಿದ್ದು ಇಂಗ್ಲೆಂಡಿನವ್ರಿಗಿ ಯಾಕ ಬೇಕು? ಓದಿ ನಗತಾರ" ಅಂದಳು.

ನಗಲ್ಲ. ಓದುವವರು ಹೆಚ್ಚಾಗಿ ಆ ಕೋರ್ಸಿನ ಮೇಷ್ಟ್ರೇ. ಅವರಿಗೆ ಬೇಕಾದ್ದು ಇಷ್ಟೇ: ಈ ವಿಷಯ ಯಾಕೆ, ನಮ್ಮಲ್ಲೇ ಯಾಕೆ, ಓದನ್ನು ತಡ್ಕೊಳ್ಳುವ ತಯಾರಿ ಇದೆಯಾ, ಮುಂದೇನು. ಆಸಕ್ತಿ ಅಂತ ಬರೆದರೆ ಯಾರೂ ನಂಬಲ್ಲ. ಸೀಳಿದ ಕಾಂಡ ನಂಬಿಸುತ್ತದೆ. ಆದರೆ ಅಳುವ ಕತೆ ಮಾಡಬಾರದು. ಹೊಲ, ಅಪ್ಪ, ನಷ್ಟ ಎಲ್ಲ ನಾಲ್ಕೈದು ಸಾಲಿನಲ್ಲಿ ಮುಗಿಯಬೇಕು. ಉಳಿದದ್ದು ಪ್ರಾಜೆಕ್ಟ್, ಲ್ಯಾಬ್ ಕೆಲಸ ಮತ್ತು ಆ ಕೋರ್ಸು. ತೊಗರಿ ಅಂದರೆ ಪಿಜನ್ ಪೀ, ಅದು ಅವರಿಗೆ ಗೊತ್ತಿರುತ್ತದೆ. ಕಲಬುರಗಿ ಗೊತ್ತಿರಲ್ಲ. ಇಲ್ಲಿ ತೊಗರಿಯೇ ಮುಖ್ಯ ಬೆಳೆ, 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ ಅಂತ ಒಂದು ಸಾಲು ಸಾಕು.

ಈಗ ನನ್ನ ಮಗನ ವಿಷಯ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹುಟ್ಟಿ ಬೆಳೆದವನು, ಅವನೂ ಬಂದಿದ್ದ. ಅವನದು ಡಿಗ್ರಿ ಅರ್ಜಿ, ಜನವರಿ 14ರೊಳಗೆ ಯುಕಾಸ್‌ಗೆ, ಅಂದರೆ ಬ್ರಿಟನ್ನಿನ ಡಿಗ್ರಿ ಅರ್ಜಿಗಳನ್ನು ತಗೊಳ್ಳುವ ಸಂಸ್ಥೆಗೆ, ಹೋಗಬೇಕಿತ್ತು. ಅಲ್ಲಿ ಈಗ ಒಂದೇ ಪ್ರಬಂಧ ಇಲ್ಲ. 2026ರ ಪ್ರವೇಶದಿಂದ ಮೂರು ಪ್ರಶ್ನೆ, ಎಲ್ಲ ಸೇರಿ 4,000 ಅಕ್ಷರ, ಒಂದೊಂದಕ್ಕೆ ಕಮ್ಮಿ ಅಂದರೂ 350. ಸ್ನಾತಕೋತ್ತರಕ್ಕೆ ಹಾಗಿಲ್ಲ. ಬಹುತೇಕ ಕಡೆ ನೇರ ವಿಶ್ವವಿದ್ಯಾಲಯಕ್ಕೇ ಅರ್ಜಿ, ಒಬ್ಬೊಬ್ಬರ ಮಿತಿ ಒಂದೊಂದು. ಅಮೆರಿಕಕ್ಕೆ ಅರ್ಜಿ ಹಾಕುವವರು ಇನ್ನೊಂದು ನೋಡ್ಕೊಳ್ಳಿ: ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಓದಿನ ಬಗ್ಗೆ, ಪರ್ಸನಲ್ ಸ್ಟೇಟ್‌ಮೆಂಟ್ ಬದುಕಿನ ಬಗ್ಗೆ. ಕೆಲವು ಕಡೆ ಎರಡನ್ನೂ ಕೇಳ್ತಾರೆ. ಒಂದನ್ನೇ ಎರಡು ಕಡೆ ಅಂಟಿಸಿದರೆ ಕೆಟ್ಟಿತು.

ನನ್ನ ಮಗ ಶಾಲೆಯಲ್ಲಿ ಕೇಕ್ ಮಾರಿ ದಾನಕ್ಕೆ ದುಡ್ಡು ಕೂಡಿಸಿದ್ದನ್ನು ವಿಶ್ವಸಂಸ್ಥೆ ನಡೆಸಿದ ಹಾಗೆ ಬರೆದಿದ್ದ. ಅವನ ತಪ್ಪಲ್ಲ. ಇಂಗ್ಲೆಂಡಿನಲ್ಲಿ ಐದನೇ ವಯಸ್ಸಿಗೇ ಕ್ಲಾಸಿನ ಮುಂದೆ ನಿಲ್ಲಿಸಿ ನಿನ್ನ ಬಗ್ಗೆ ಹೇಳು ಅಂತಾರೆ. ನಮ್ಮಲ್ಲಿ ‘ನಾನು’ ಅಂದರೆ ಸಾಕು, ದೊಡ್ಡಸ್ತಿಕೆ ಬಿಡು ಅಂತಾರೆ. ಹಾಗಾಗಿ ಅಕ್ಕನ ಮಗಳು ತಾನೇ ಬರೆದ ಕರಡಿನಲ್ಲಿ ಎಲ್ಲ ಕೆಲಸವೂ ತಾನಾಗೇ ಆಗಿತ್ತು: ‘ಪ್ರಾಜೆಕ್ಟ್ ಮಾಡಲಾಯಿತು’, ‘ವರದಿ ಸಲ್ಲಿಸಲಾಯಿತು’. ಮಾಡಿದವರು ಯಾರು?

ನಾನು ಹೇಳಿ ಹೇಳಿ ಸುಸ್ತಾಗಿ ಒಬ್ಬರದನ್ನು ಇನ್ನೊಬ್ಬರಿಗೆ ಕೊಟ್ಟೆ. ಅವಳು ಓದಿ ಕೇಳಿದಳು, "ಕೇಕ್ ಮಾರಿ ಏನ್ ಕಲತಿ?" ಅವನು ತಲೆ ಕೆರೆದುಕೊಂಡು ಆ ಪ್ಯಾರಾ ಅಳಿಸಿದ. ಆಮೇಲೆ ಅವನ ಅರೆಬರೆ ಕನ್ನಡದಲ್ಲಿ, "ಅಕ್ಕ, ಎಷ್ಟು ಗಿಡ ಎಣಿಸಿದ್ದು?" ಅಂದ. ಆರು ಹೊಲ, ಹೊಲಕ್ಕೆ ಇನ್ನೂರು ಗಿಡ. ಬಿಸಿಲಲ್ಲಿ ಒಬ್ಬಳೇ ನಿಂತು ಎಣಿಸಿದ್ದಳು. ಬರೆಯುವುದೇನು ಮಹಾ ಅಂತ ಬಿಟ್ಟಿದ್ದಳು! ಆ ಅಂಕಿ ಈಗ ಎರಡನೇ ಪ್ಯಾರಾದಲ್ಲಿದೆ. ಅದರ ಪಕ್ಕದಲ್ಲೇ, ಆರು ಹೊಲದಿಂದ ಏನೂ ಸಾಬೀತಾಗಲ್ಲ, ಸರಿಯಾದ ವಿಧಾನ ಕಲಿಯಬೇಕು, ಅದಕ್ಕೇ ಈ ಕೋರ್ಸು ಅಂತ ಬರೆದಳು. ನನ್ನ ಪ್ರಕಾರ ಇಡೀ ಪುಟದಲ್ಲಿ ಅದೇ ಗಟ್ಟಿ ಮಾತು.

ಒಂದು ಸೆಮಿಸ್ಟರ್‌ನಲ್ಲಿ ಒಂದು ವಿಷಯ ಉಳಿದಿತ್ತು. ಮುಚ್ಚಿಡೋಣ ಅಂದಳು. ಅಂಕಪಟ್ಟಿಯಲ್ಲಿ ಕಾಣುತ್ತಲ್ಲ! ಎರಡು ಸಾಲು ಬರೆದೆವು: ಯಾಕೆ ಹೋಯಿತು, ಮುಂದಿನ ಸಲ ಎಷ್ಟು ಬಂತು. ನೆಪ ಬೇಡ.

ಮೂರು ವಿಶ್ವವಿದ್ಯಾಲಯಕ್ಕೂ ಕೊನೆಯ ಪ್ಯಾರಾ ಬೇರೆ ಬೇರೆ. ಅಲ್ಲಿನ ಪಠ್ಯದಲ್ಲಿ ಯಾವ ವಿಷಯ ಇದೆ, ಯಾರು ಮಣ್ಣಿನ ಶಿಲೀಂಧ್ರಗಳ ಮೇಲೆ ಕೆಲಸ ಮಾಡ್ತಿದ್ದಾರೆ ಅಂತ ಅವಳೇ ಹುಡುಕಿದಳು. ಎಐ ಹತ್ತಿರ ಬರೆಸಿದರೆ ಏನಾಯ್ತು ಅಂತ ಕೇಳುವವರಿಗೆ ಒಂದು ಮಾತು. ಇಂಗ್ಲಿಷ್ ತಪ್ಪು ನೋಡಿಸಿ, ಬೇಡ ಅನ್ನಲ್ಲ. ಆದರೆ ವೀಸಾ ಸಂದರ್ಶನಕ್ಕೆ ಕರೆದರೆ ಈ ಕೋರ್ಸ್ ಯಾಕೆ ಅಂತ ಅಲ್ಲೂ ಕೇಳ್ತಾರೆ. ಆಗ ಬಾಯಿಗೆ ಬರುವುದು ನೀವೇ ಬರೆದದ್ದು ಮಾತ್ರ.

ಕಳಿಸುವ ಹಿಂದಿನ ರಾತ್ರಿ ಅವಳ ಅಪ್ಪ, "ಏನ್ ಬರದಿ, ಓದವಾ" ಅಂದರು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದಳು. ಅವರು ಸುಮ್ಮನೆ ಕೇಳಿಸಿಕೊಂಡರು. ಒಣಗಿದ್ದು ಮೂರು ಎಕರೆ ಅಂತ ಬಂದಾಗ ಮಾತ್ರ ಕೈ ಎತ್ತಿದರು. "ಮೂರಲ್ಲ, ನಾಲ್ಕೂವರಿ."

ತಿದ್ದಿ ಕಳಿಸಿದೆವು.