ಸಹಾಯ ಬೇಕು: ಉಚಿತ ಗೇಮಿಂಗ್ ಲಾಗಿನ್‌ಗೆ ದುಡ್ಡು ಕೇಳಬಹುದಾ?

ನಮಸ್ಕಾರ, ನಾನು ಉಡುಪಿಯವನು. ಮಣಿಪಾಲ, ಸುರತ್ಕಲ್ ಕಡೆಯ ಹುಡುಗರು ಒಟ್ಟಿಗೆ ಆಡಲಿ ಅಂತ ಒಂದು ಸಣ್ಣ ಲಾಗಿನ್ ಸರ್ವರ್ (ಆಡುವವರು ಲಾಗಿನ್ ಆಗಿ ಒಟ್ಟು ಸೇರುವ ಕಂಪ್ಯೂಟರ್) ನಡೆಸುತ್ತಿದ್ದೇನೆ, ಇಷ್ಟು ದಿನ ಪೂರ್ತಿ ಉಚಿತ. ಈಗ ಸರ್ವರ್ ಬಾಡಿಗೆ ಕೈಯಿಂದ ಕಟ್ಟಲು ಆಗುತ್ತಿಲ್ಲ. ತಿಂಗಳಿಗೆ 30 ರೂಪಾಯಿ ಕೇಳಿದರೆ ನೀವು ಕೊಡ್ತೀರಾ?

ಸೋನಿಯ ಗೇಮಿಂಗ್ ಯಂತ್ರ ಪ್ಲೇಸ್ಟೇಷನ್ 3ರಲ್ಲಿ ಆನ್‌ಲೈನ್ ಆಟ ಉಚಿತವಾಗಿತ್ತು, 2013ರಲ್ಲಿ ಪ್ಲೇಸ್ಟೇಷನ್ 4 ಬಂದಾಗ ಹೆಚ್ಚಿನ ಆಟಗಳನ್ನು ಆನ್‌ಲೈನ್ ಆಡಲು ‘ಪ್ಲೇಸ್ಟೇಷನ್ ಪ್ಲಸ್’ ಅನ್ನೋ ಚಂದಾ ಬೇಕಾಯಿತು, ನಿಂಟೆಂಡೊ ಸ್ವಿಚ್ ಕೂಡ 2018ರಲ್ಲಿ ಅದೇ ದಾರಿ ಹಿಡಿಯಿತು, ಜನ ಕೊಟ್ಟರು. ಆದರೆ ಅಲ್ಲಿ ಚಂದಾ ಜೊತೆ ಬೇರೆ ಆಟಗಳೂ ಸಿಗುತ್ತವೆ. ಬರೀ ಲಾಗಿನ್‌ಗೆ ಯಾರು ಕೊಡ್ತಾರೆ, ಅಲ್ವಾ? ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಅದಕ್ಕೆ ಏನೂ ಕೇಳುವುದಿಲ್ಲ.

ಕಾಲೇಜು ಹುಡುಗರ ಮೇಲೆ ಭಾರ ಹಾಕಲು ನನಗೆ ಮನಸ್ಸಿಲ್ಲ. ಇಷ್ಟ ಇದ್ದವರು ಮಾತ್ರ ಕೊಡಲಿ ಅಂತ ಬಿಟ್ಟರೆ ನಡೆಯುತ್ತಾ? ಇಂಥದ್ದು ನಡೆಸಿದವರು ಇದ್ದರೆ ದಯವಿಟ್ಟು ಹೇಳಿ.